ಗಂಗುಲಮ್ಮ ತಡ ಮಾಡಿರಲಿಲ್ಲ

ಗಂಗುಲಮ್ಮನ ಹಿಟ್ಟಿನ ಮಿಷನ್ನಿಗೆ ಬೀಗ ಜಡಿಯಲು ಬಂದವರು ಯಾವ ಕಚೇರಿಯವರು ಎಂದು ನಾನು ಬರೆಯುವುದಿಲ್ಲ. ಬರೆದರೆ ಮಿಕ್ಕ ಕಚೇರಿಗಳವರೆಲ್ಲ 'ಸದ್ಯ, ನಾವಲ್ಲ' ಎಂದು ಕಾಲು ಚಾಚಿ ಮಲಗುತ್ತಾರೆ. ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವೆ ಒಂದು ಊರು, ಅಲ್ಲೊಂದು ತೆರಿಗೆ ಕಚೇರಿ, ಅಷ್ಟು ಸಾಕು. ಅವಳ ಮಿಷನ್ನಿನ ಎದುರಿಗೇ ನನ್ನ ಹೊಲಿಗೆ ಅಂಗಡಿ. ಆ ಬೆಲ್ಟಿನ ಸದ್ದು ಕೇಳಿಕೊಂಡೇ ನಾನು ಈ ಊರಿನ ರವಿಕೆಗಳನ್ನೆಲ್ಲ ಹೊಲಿದಿದ್ದೇನೆ. ಆದ್ದರಿಂದ ನಡೆದದ್ದನ್ನು ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಗಂಗುಲಮ್ಮ ಮೊದಲು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕಿದ್ದವಳು. ಕುದಿಯುವ ನೀರಿನಲ್ಲಿ ಗೂಡು ಹಿಡಿದು ಹಿಡಿದು ಅವಳ ಬೆರಳ ತುದಿಗಳು ಇವತ್ತಿಗೂ ಸುಕ್ಕುಗಟ್ಟಿವೆ. ಅಲ್ಲಿ ಒಂದು ಸಲ ನೂಲು ಕಳುವಾಯಿತು. ಮಾಲೀಕ ಕರೆದು, "ಸುಮ್ನೆ ಒಂದು ಸೈನ್ ಹಾಕಮ್ಮ, ವಿಷಯ ಇಲ್ಲಿಗೇ ಮುಗಿದೋಗುತ್ತೆ" ಎಂದ. ಇನ್ನೂ ಮದುವೆಯಾಗದ ಹುಡುಗಿ, ಹೆದರಿ ಹಾಕಿದಳು. ಮಾರನೆಯ ದಿನದಿಂದ ಊರಿಗೆಲ್ಲ ಅವಳು ಕಳ್ಳಿ. ಯಾರೂ ಕೆಲಸ ಕೊಡಲಿಲ್ಲ. "ಅವತ್ತೇ ಗೊತ್ತಾಯ್ತು ಅಕ್ಕ, ಮಾಡ್ದೇ ಇರೋದನ್ನ ಮಾಡ್ದೆ ಅಂತ ಒಪ್ಕೊಂಡ್ರೆ ವಿಷಯ ಮುಗಿಯಲ್ಲ, ಅಲ್ಲಿಂದಲೇ ಶುರುವಾಗೋದು" ಎಂದು ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಆಮೇಲೆ ಕೋನಪ್ಪನನ್ನು ಕಟ್ಟಿಕೊಂಡು ನಮ್ಮ ಬೀದಿಗೆ ಬಂದಳು. ಗಂಡ ಹೆಂಡತಿ ಸೇರಿ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟರು. ಮೊದಮೊದಲು ಕೆಲವರು 'ಅವರ ಮನೆಯಲ್ಲಿ ಬೀಸಿದ ಹಿಟ್ಟು ನಮಗೆ ಬೇಡ' ಎಂದು ಮೂಗು ಮುರಿದರು. ಮೂಗು ಮುರಿದವರ ಸೊಸೆಯಂದಿರೇ ಈಗ ಎಲ್ಲರಿಗಿಂತ ಮೊದಲು ಡಬ್ಬ ಹಿಡಿದು ಬಂದು ನಿಲ್ಲುತ್ತಾರೆ. ಹೊಟ್ಟೆ ಹಸಿದಾಗ ಮಡಿ ಎಲ್ಲಿಗೆ ಓಡಿಹೋಗುತ್ತದೋ! ಕೋನಪ್ಪ ತೀರಿಕೊಂಡ ಮೇಲೂ ಮಿಷನ್ ನಿಲ್ಲಲಿಲ್ಲ, ಅವಳೊಬ್ಬಳೇ ನಡೆಸಿದಳು.

ಮಿಷನ್ ಮನೆಯಲ್ಲಿ ಕಾಗದ ಬಾಳುವುದಿಲ್ಲ. ಹಿಟ್ಟು ಕೂರುತ್ತದೆ, ಹುಳ ಬೀಳುತ್ತದೆ, ಖಾರದ ಕೈ ತಾಗಿ ಕೆಂಪಾಗುತ್ತದೆ. ಅದಕ್ಕೇ ಗಂಗುಲಮ್ಮ ಬೆಲೆಯುಳ್ಳ ಕಾಗದ ಯಾವುದು ಕೈಗೆ ಸಿಕ್ಕಿದರೂ ಲ್ಯಾಮಿನೇಷನ್ ಮಾಡಿಸಿಬಿಡುತ್ತಾಳೆ. ರೇಷನ್ ಕಾರ್ಡು, ಮಗಳ ಮಾರ್ಕ್ಸ್ ಕಾರ್ಡು, ಕೊನೆಗೆ ಕೋನಪ್ಪನ ಡಾಕ್ಟರ್ ಚೀಟಿ ಕೂಡ. "ನನ್ನನ್ನೂ ಒಂದು ಸಲ ಮಾಡಿಸೇ, ಮುಖದ ಸುಕ್ಕಾದ್ರೂ ನಿಲ್ಲುತ್ತೆ" ಎಂದು ನಾನು ಛೇಡಿಸುತ್ತಿದ್ದೆ.

ಹೋದ ವರ್ಷ ಅವಳಿಗೆ ತೆರಿಗೆ ನೋಟೀಸು ಬಂತು. ಇಡೀ ಮನೆಯನ್ನು ಕಾರ್ಖಾನೆ ಎಂದು ಎಣಿಸಿ ತೆರಿಗೆ ಹಾಕುತ್ತಾರಂತೆ. ಆಕ್ಷೇಪಣೆ ಇದ್ದರೆ ಹತ್ತನೇ ತಾರೀಖಿನೊಳಗೆ ದಾಖಲೆ ಸಮೇತ ತಿಳಿಸತಕ್ಕದ್ದು. ಮಿಷನ್ ಇರುವುದು ಮುಂದಿನ ಒಂದೇ ಕೋಣೆಯಲ್ಲಿ. ಹಿಂದೆ ಒಲೆ, ಹಾಸಿಗೆ, ಬಚ್ಚಲು. ಬಚ್ಚಲು ಯಾವ ಕಾರ್ಖಾನೆಯೋ ಆ ದೇವರೇ ಬಲ್ಲ. ಅಷ್ಟು ತೆರಿಗೆ ಬಿದ್ದರೆ ಮಿಷನ್ ಮುಚ್ಚುವುದೊಂದೇ ದಾರಿ.

ಮನೆಯ ಪತ್ರಗಳು ಗೌರಿಬಿದನೂರಿನಲ್ಲಿ ಅವಳ ತಮ್ಮ ಸಿದ್ಧಾರ್ಥನ ಹತ್ತಿರ ಇದ್ದವು. ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಅವನಿಗೆ ರಜೆ ಸಿಗಲಿಲ್ಲ. ಅದೇ ಹೊತ್ತಿಗೆ ಮಗಳು ತನುಜಳನ್ನು ಹೆರಿಗೆಗೆ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದ್ದರು. ಎಂಟನೇ ತಾರೀಖು ಮೊಮ್ಮಗಳು ಹುಟ್ಟಿದಳು. ಮಗುವಿನ ಮುಖ ನೋಡಿದ ಮೇಲೆ ಗಂಗುಲಮ್ಮ ಅಲ್ಲೇ ಬೆಂಚಿನ ಮೇಲೆ ಕೂತು, ದಾಖಲೆ ತರಲು ಒಂದು ತಿಂಗಳ ಕಾಲಾವಕಾಶ ಕೊಡಿ ಎಂದು ಬರೆದು, ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿದಳು. ರಸೀದಿ ಕೇಳಿ ಇಸಕೊಂಡಳು. ಇನ್ನು ಹೇಳಬೇಕೇ? ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಅದನ್ನೂ ಬೇರೆ ಕಾಗದಗಳ ಜೊತೆ ಲ್ಯಾಮಿನೇಷನ್ನಿಗೆ ಕೊಟ್ಟಳು. ಅವರು ಕವರಿನಲ್ಲಿ ಹಾಕಿಕೊಟ್ಟಿದ್ದನ್ನು ತೆಗೆದೂ ನೋಡದೆ ಬಾಣಂತಿಯ ಹತ್ತಿರ ಓಡಿದಳು.

ಊರಿಗೆ ವಾಪಸು ಬಂದು ಸ್ವಲ್ಪ ದಿನಕ್ಕೆ ಕಚೇರಿಯಿಂದ ಆದೇಶ ಬಂತು. ಮನವಿ ತಡವಾಗಿ ಬಂದಿದೆ, ಕಾಲಾವಕಾಶ ಇಲ್ಲ, ಕಾರ್ಖಾನೆ ತೆರಿಗೆಯೇ ಖಾಯಂ. ನಾನೂ ಅವಳೂ ಕಚೇರಿಗೆ ಹೋದೆವು. ಆ ಕೆಲಸ ನೋಡಿಕೊಳ್ಳುವವನು ಮುರಳಿಮೋಹನ್ ಎಂಬ ಇನ್‌ಸ್ಪೆಕ್ಟರು.

"ನಿಮ್ಮ ಕಾಗದ ಹದಿಮೂರಕ್ಕೆ ಬಂದಿದೆ ಕಣಮ್ಮ. ನೋಡಿ, ನಮ್ಮ ಸೀಲ್ ಇದೆ" ಎಂದ.

"ಎಂಟಕ್ಕೇ ಹಾಕಿದೀನಿ ಸಾರ್. ರಸೀದಿ ಐತೆ" ಎಂದು ಗಂಗುಲಮ್ಮ ಜಂಬದಿಂದಲೇ ಕವರು ಬಿಚ್ಚಿದಳು. ಪ್ಲಾಸ್ಟಿಕ್ಕಿನೊಳಗಿದ್ದ ರಸೀದಿ ಹಂಚಿನ ತಳದ ಹಾಗೆ ಕಪ್ಪಗಿತ್ತು. ಒಂದಕ್ಷರ ಕಾಣಲಿಲ್ಲ.

ಮುರಳಿಮೋಹನ್ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನಕ್ಕ. "ಇದು ಶಾಖಕ್ಕೆ ಕಪ್ಪಾಗೋ ಪೇಪರ್ರು. ಇದನ್ನ ಯಾರಾದ್ರೂ ಲ್ಯಾಮಿನೇಷನ್ ಮಾಡಿಸ್ತಾರೇನಮ್ಮ?" ಅಕ್ಕಪಕ್ಕದ ಮೇಜಿನವರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಕ್ಕಿದ್ದಾದ್ಮೇಲೆ ಹೇಳಿ, ಕಾಗದ ಬಂದ ಕವರ್ ಎಲ್ಲಿ? ಅದರ ಮೇಲೆ ಅಂಚೆಯವರ ತಾರೀಖು ಇರುತ್ತಲ್ಲ?" ಎಂದೆ.

"ಕವರೆಲ್ಲ ಯಾರು ಇಟ್ಕೋತಾರೆ? ಬಿಸಾಕಿರ್ತಾರೆ."

ಕೇಳಿದಿರಾ? ಅವಳ ರಸೀದಿ ಕಪ್ಪಾದರೆ ಅದು ದಡ್ಡತನ, ಇವರು ಕವರು ಬಿಸಾಡಿದರೆ ಅದು ಕಚೇರಿಯ ಪದ್ಧತಿ!

"ನನ್ನ ಮೊಮ್ಮಗಳು ಹುಟ್ಟಿದ ದಿನ ಸಾರ್ ಅದು. ತಾರೀಖು ಮರೆಯೋದುಂಟಾ?" ಎಂದಳು ಗಂಗುಲಮ್ಮ.

"ಮಗು ಹುಟ್ಟಿದ್ದಕ್ಕೂ ಕಾಗದಕ್ಕೂ ಏನಮ್ಮ ಸಂಬಂಧ?" ಆಮೇಲೆ ಅವನ ದನಿ ಮೆತ್ತಗಾಯಿತು. ಕೆಟ್ಟವನೇನಲ್ಲ, ಕೆಲಸ ಬೇಗ ಮುಗಿದರೆ ಸಾಕು ಎನ್ನುವ ಪೈಕಿ. ಒಂದು ಬಿಳಿ ಹಾಳೆ, ಪೆನ್ನು ಮುಂದಕ್ಕೆ ತಳ್ಳಿದ. "ಹಟ ಬೇಡಿ. ನನ್ನ ತಪ್ಪಿಂದ ತಡವಾಯ್ತು, ಮನ್ನಿಸಿ ಅಂತ ಎರಡು ಸಾಲು ಬರ್ಕೊಡಿ. ಸಾಹೇಬ್ರಿಗೆ ಹೇಳಿ ಟೈಮ್ ಕೊಡಿಸ್ತೀನಿ."

"ತಡ ಆಗಿಲ್ಲವಲ್ಲ ಸಾರ್?"

"ಅಯ್ಯೋ, ಸುಮ್ನೆ ಬರೀರಮ್ಮ, ವಿಷಯ ಮುಗಿದೋಗುತ್ತೆ."

ಆ ಮಾತೊಂದನ್ನು ಅವನು ಆಡಬಾರದಿತ್ತು. ಗಂಗುಲಮ್ಮ ಹಾಳೆಯನ್ನು ಅವನ ಕಡೆಗೇ ತಳ್ಳಿ ಎದ್ದು ನಿಂತಳು. "ಮುಗಿಯಲ್ಲ ಸಾರ್. ನನಗೆ ಗೊತ್ತು, ಮುಗಿಯಲ್ಲ" ಎಂದು ಹೊರಟೇಬಿಟ್ಟಳು.

ಬೀದಿಯಲ್ಲಿ ಉಪದೇಶಕ್ಕೇನು ಬರಗಾಲ? ಹಾಲಿನ ಡೈರಿಯ ನಲ್ಲಪ್ಪ ಬಂದು, "ಗಾಳಿ ಬಂದಾಗ ತೂರಿಕೊಳ್ಳಬೇಕಮ್ಮ, ಬರ್ಕೊಟ್ಟು ಬಿಡು" ಎಂದ. ತಮ್ಮ ಸಿದ್ಧಾರ್ಥ ಫೋನಿನಲ್ಲಿ, "ಎರಡು ಲೈನ್ ತಾನೇ ಅಕ್ಕಾ, ಅಡ್ಜಸ್ಟ್ ಮಾಡ್ಕೋ" ಎಂದ. "ಆಯ್ತು ಕಣಪ್ಪ, ನಿನ್ನ ಹೆಸರಲ್ಲಿ ಬರ್ಕೊಡ್ತೀನಿ, ನನ್ನ ತಮ್ಮಂದೇ ತಪ್ಪು ಅಂತ" ಎಂದಳು. ಅವನು ಆ ಕಡೆ ಫೋನ್ ಇಟ್ಟುಬಿಟ್ಟ. ಆದರೆ ಆ ಭಾನುವಾರವೇ ಬಂದು ಮನೆಯ ಪತ್ರಗಳನ್ನು ಕೊಟ್ಟು ಹೋದ.

ಇನ್ನು ಚಿಕ್ಕಬಳ್ಳಾಪುರದ ಅಂಚೆ ಕಚೇರಿ. ರಸೀದಿಯ ನಂಬರು ಇಲ್ಲದೆ ಹಳೆಯದನ್ನು ಹುಡುಕುವುದು ಕಷ್ಟ, ಬರವಣಿಗೆಯಲ್ಲಿ ಕೇಳಬೇಕು, ಮೇಲಿನವರಿಂದ ಉತ್ತರ ಬರಬೇಕು ಎಂದರು. ಅವಳು ಬರೆದುಕೊಟ್ಟಳು. ಬರೆದುಕೊಟ್ಟು ಸುಮ್ಮನೆ ಕೂರುವ ಜೀವವೇ ಅದು? ಮಿಷನ್ನಿಗೆ ವಾರದ ರಜೆ ಸೋಮವಾರ. ಪ್ರತಿ ಸೋಮವಾರ ಬಸ್ಸು ಹತ್ತಿ ಹೋಗಿ ಕೌಂಟರಿನ ಮುಂದೆ ನಿಂತಳು. ಅಲ್ಲಿದ್ದ ಚೈತ್ರ ಎಂಬ ಹುಡುಗಿ, "ಆಂಟಿ, ನಿಮ್ಮ ಮುಖ ನೋಡಿದ್ರೇನೇ ನನಗೆ ಸೋಮವಾರ ಅಂತ ಗೊತ್ತಾಗೋದು" ಎಂದು ನಗುತ್ತಿದ್ದಳಂತೆ. ನಗುತ್ತಲೇ ಅರ್ಜಿಯ ಬೆನ್ನು ಹತ್ತಿದಳು, ಅವಳ ಹೊಟ್ಟೆ ತಣ್ಣಗಿರಲಿ.

ಅಂಚೆಯವರ ಉತ್ತರ ಬರುವ ಮೊದಲೇ, ಕಾರ್ಖಾನೆ ತೆರಿಗೆ ಕಟ್ಟಿಲ್ಲವೆಂದು ಒಂದು ಬೆಳಿಗ್ಗೆ ಮುರಳಿಮೋಹನ್ ಇಬ್ಬರು ಆಳುಗಳ ಜೊತೆ ಬೀಗ ಹಿಡಿದು ಬಂದ. ಅವತ್ತು ಮೆಣಸಿನಕಾಯಿ ಬೀಸುವ ದಿನ. ಗುಂಟೂರಿನ ಮೆಣಸಿನಕಾಯಿ, ಹೆಸರು ಹೇಳಿದರೇ ಕಣ್ಣಲ್ಲಿ ನೀರು ಬರುವಂಥದ್ದು. ಅವರು ಬಾಗಿಲಿಗೆ ಬಂದದ್ದನ್ನು ನೋಡಿ ಬೇಕೆಂದೇ ಜಾಸ್ತಿ ಸುರಿದಳು ಎಂದು ಅವರು ಹೇಳುತ್ತಾರೆ. ಬೇಕೆಂದೇ ಸುರಿದಿದ್ದರೂ ನನಗೇನೂ ಬೇಜಾರಿಲ್ಲ. ಮೂವರೂ ಸೀನಿ ಸೀನಿ ನನ್ನ ಅಂಗಡಿಗೆ ಓಡಿಬಂದರು. ನೀರು ಕೊಟ್ಟೆ, ಕುರ್ಚಿ ಕೊಡಲಿಲ್ಲ.

ಗಂಗುಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಬಂದಳು. "ಅಂಚೆಯವರು ಉತ್ತರ ಕೊಡೋವರ್ಗೂ ಬೀಗ ಹಾಕಂಗಿಲ್ಲ ಸಾರ್. ಹಾಕಲೇಬೇಕು ಅಂದ್ರೆ ನನ್ನ ಒಳಗಿಟ್ಟೇ ಹಾಕಿ" ಎಂದು ಮತ್ತೆ ಒಳಗೆ ಹೋದಳು.

ಸರದಿಯಲ್ಲಿದ್ದ ಮುದುಕಿ ಅಮ್ಮಾಜಮ್ಮ ಮೆಣಸಿನಕಾಯಿ ಡಬ್ಬ ಮಡಿಲಲ್ಲಿಟ್ಟುಕೊಂಡು ಹೊಸಿಲ ಮೇಲೆಯೇ ಕೂತುಬಿಟ್ಟಳು. "ನೀಕೇಂ ಭಯಮೇ, ತಿಪ್ಪು!" ಎಂದು ತೆಲುಗಿನಲ್ಲಿ ಕೂಗಿದಳು. ನಿನಗೇನೇ ಭಯ, ಮಿಷನ್ ತಿರುಗಿಸು ಎಂದು. ಅವಳ ಪಕ್ಕ ಇನ್ನೊಬ್ಬಳು ಕೂತಳು, ಆಮೇಲೆ ಮತ್ತೊಬ್ಬಳು. ಬೀಗ ತಂದವರು ಬೀಗದ ಸಮೇತ ವಾಪಸು ಹೋದರು.

ಕೊನೆಗೂ ಅಂಚೆಯವರ ಪತ್ರ ಬಂತು. ಎಂಟನೇ ತಾರೀಖು ಚಿಕ್ಕಬಳ್ಳಾಪುರದಲ್ಲಿ ಹಾಕಿದ್ದು, ಒಂಬತ್ತಕ್ಕೇ ಕಚೇರಿಗೆ ಮುಟ್ಟಿಸಿದ್ದು. ಅಂದರೆ ಕಾಗದ ಹೊತ್ತಿಗೆ ಸರಿಯಾಗಿ ಬಂದು ಇವರದೇ ಮೇಜಿನ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. ಇವರು ಪುರುಸೊತ್ತಾದಾಗ ಸೀಲ್ ಒತ್ತಿ, ತಡ ಮಾಡಿದವಳು ಗಂಗುಲಮ್ಮ ಎಂದು ಬರೆದಿದ್ದರು! ನನ್ನ ಬಾಯಲ್ಲಿ ಬಂದ ಮಾತನ್ನು ಇಲ್ಲಿ ಬರೆಯಲಾರೆ.

ಮಿಷನ್ ಉಳಿಯಿತೇ ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಉಳಿಯಿತು. ತೆರಿಗೆ ಮುಂದಿನ ಕೋಣೆಗೆ ಮಾತ್ರ ಬಿತ್ತು, ಅವಳು ಕಟ್ಟುತ್ತಿದ್ದಾಳೆ. ಆದರೆ ಅದಕ್ಕೆ ಮೊದಲು ಸಾಹೇಬರ ಕೋಣೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ನಾನು ಹೇಳಿದ್ದೆಲ್ಲ ದಂಡ.

ಅವತ್ತು ನಾವು ಯಾರನ್ನೂ ಕರೆದಿರಲಿಲ್ಲ, ಆದರೂ ಬೀದಿಯ ಹೆಂಗಸರೆಲ್ಲ ಬಂದು ಕಚೇರಿಯ ಜಗಲಿಯಲ್ಲಿ ನಿಂತಿದ್ದರು. ಸಾಹೇಬರು ಅಂಚೆಯವರ ಪತ್ರ ಓದಿ ಮುರಳಿಮೋಹನನ ಕಡೆ ಒಂದು ಸಲ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಆಯ್ತಮ್ಮ, ಒಂದು ತಿಂಗಳು ಟೈಮ್ ಕೊಟ್ಟಿದೀವಿ. ನಿಧಾನವಾಗಿ ದಾಖಲೆ ತನ್ನಿ" ಎಂದರು.

ಗಂಗುಲಮ್ಮ ಚೀಲದಿಂದ ಮನೆಯ ಪತ್ರಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಟೈಮ್ ಬೇಡ ಸಾಹೇಬ್ರೆ. ಬೇಕಾಗಿದ್ದು ಅವಾಗ. ಪತ್ರ ಎಲ್ಲಾ ಇಲ್ಲೇ ಐತೆ."

ಸಾಹೇಬರಿಗೆ ಅರ್ಥವಾಗಲಿಲ್ಲ. "ಮತ್ತೆ ಟೈಮ್ ಬೇಡದೇ ಇದ್ಮೇಲೆ ಇಷ್ಟು ದಿನ ಒದ್ದಾಡಿದ್ದು ಯಾಕಮ್ಮ?"

"ನಾನು ತಡ ಮಾಡ್ದೆ ಅಂತ ಬರ್ದಿದೀರಲ್ಲ, ಅದಕ್ಕೆ." ಅವಳು ಪತ್ರಗಳ ಮೇಲೆ ಅಂಗೈ ಊರಿದಳು. "ಮೊದಲು ಅದನ್ನ ಹೊಡೆದಾಕಿ. ಟೈಮಿಗೇ ಬಂದಿತ್ತು ಅಂತ ಬರೀರಿ. ಆಮೇಲೆ ಇವನ್ನ ಮುಟ್ಟಿ."

"ಅದರಿಂದ ನಿಮಗೇನು ಸಿಗುತ್ತಮ್ಮ? ಕೆಲಸ ಆಯ್ತಲ್ಲ?" ಎಂದ ಮುರಳಿಮೋಹನ್.

ಅವಳು ಪತ್ರಗಳ ಮೇಲಿನ ಕೈ ತೆಗೆಯಲಿಲ್ಲ. ಸಾಹೇಬರು, "ಬರೀರಿ" ಎಂದರು. ಅವನು ಬರೆದ. ಸಹಿ ಬಿತ್ತು, ಸೀಲ್ ಬಿತ್ತು.

"ಓದಿ ಸಾರ್" ಎಂದಳು. ಅವನು ಗೊಣಗಿಕೊಂಡು ಓದಿದ.

"ಕೇಳಿಸ್ಲಿಲ್ಲ. ಮಿಷನ್ ನಡೆಸೋಳು ನಾನು, ಕಿವಿ ಮಂದ. ಜೋರಾಗಿ ಓದಿ."

ಮಂದವಂತೆ! ನನ್ನ ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳಿಸುವ ಕಿವಿ ಅದು. ಜಗಲಿಯಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿ ಬಾಗಿಲ ಹತ್ತಿರ ಬಂದರು. ಮುರಳಿಮೋಹನ್ ಹಾಳೆ ಎತ್ತಿ ಹಿಡಿದು, ಈ ಸಲ ಎಲ್ಲರಿಗೂ ಕೇಳುವಂತೆ ಓದಿದ: "ಶ್ರೀಮತಿ ಗಂಗುಲಮ್ಮನವರ ಮನವಿಯು ನಿಗದಿತ ದಿನಾಂಕಕ್ಕೆ ಮುಂಚೆಯೇ ಈ ಕಚೇರಿಗೆ ತಲುಪಿರುತ್ತದೆ. ವಿಳಂಬವು ಈ ಕಚೇರಿಯದೇ ಆಗಿರುತ್ತದೆ."

ಆಗ ಅವಳು ಕೈ ತೆಗೆದಳು.