ಜುಂಜಣ್ಣ ಮೇಷ್ಟ್ರ ಮೂರು ಗಾಜು

ಜುಂಜಣ್ಣ ಮೇಷ್ಟ್ರು ಎಳನೀರನ್ನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರೆ, ಅದು ಕೆಂಪು ನೆಲದ ಮರದ್ದೋ, ಚೌಳು ನೆಲದ್ದೋ ಹೇಳಿಬಿಡುತ್ತಿದ್ದರು. ಒಮ್ಮೊಮ್ಮೆ ತಪ್ಪಾದರೆ, "ಅದು ಮರದ ತಪ್ಪು ಕಣಪ್ಪ" ಎನ್ನುತ್ತಿದ್ದರು.

ತಿಪಟೂರಿನ ಒಂದು ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಓದಿದ ನಾನು ಅವರ ಪ್ರಯೋಗಾಲಯದ ಅಟೆಂಡರ್. ಮೇಷ್ಟ್ರು ಹುಳಿಯಾರಿನ ಕಡೆಯ ಹಟ್ಟಿಯಲ್ಲಿ ಕುರಿ ಕಾಯುತ್ತ ಬೆಳೆದವರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ವೀಕ್ಷಣಾಲಯವೊಂದರಲ್ಲಿದ್ದ ಗೆಳೆಯನಿಂದ ಒಂದು ಪೆಟ್ಟಿಗೆ ಎರವಲು ತಂದಿದ್ದರು. ಪಾಠ ಮುಗಿದ ಮೇಲೆ ಅದರೊಳಗಿಂದ ಏನನ್ನೋ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟು, ಕಣ್ಣಿಟ್ಟು ಕೂರುತ್ತಿದ್ದರು.

"ಎಳೇ ನಕ್ಷತ್ರ ಕಣಪ್ಪ ನಂಜಪ್ಪ. ಅದ್ರ ಬೆಳಕಲ್ಲಿ ಕಬ್ಬಿಣದ ಗೆರೆ ಎಷ್ಟು ದಪ್ಪ ಐತೆ ಅಳೀತಿದೀನಿ. ಕಬ್ಬಿಣ ಜಾಸ್ತಿ ಇದ್ರೆ ಸುತ್ತ ಗ್ರಹ ಇರೋ ಸಂಭವ ಜಾಸ್ತಿಯಂತೆ."

"ಅಳೆದ್ರೆ ಏನ್ ಸಿಗ್ತದೆ ಸಾರ್?"

"ಏನೂ ಇಲ್ಲ. ಹಟ್ಟಿಯೋನೊಬ್ಬ ಅಳೆದ ಅಂತಾಯ್ತದೆ. ಸಾಲ್ದೇನ್ಲಾ?"

ಆಯುಧಪೂಜೆಯ ಹಿಂದಿನ ದಿನ ಪ್ರಯೋಗಾಲಯದ ಗಾಜನ್ನೆಲ್ಲ ಬಿಸಿನೀರು, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿ ಕುಂಕುಮ ಇಡುವುದು ನನ್ನ ಪದ್ಧತಿ. ಆ ವರ್ಷ ಮೇಷ್ಟ್ರು ಪೆಟ್ಟಿಗೆಯನ್ನು ಮೇಜಿನ ಮೇಲೇ ಬಿಟ್ಟು ಹೋಗಿದ್ದರು. ತೆರೆದರೆ ಹೊಗೆ ಹಿಡಿದಂಥ ಮೂರು ಗಾಜು. ಪಾಪ, ಇಂಥ ಕೊಳೆಯಲ್ಲಿ ಕಣ್ಣು ಹಾಳುಮಾಡಿಕೊಂಡರಲ್ಲ ಎಂದು ಮರುಗಿ, ಫಳಫಳ ಹೊಳೆಯುವ ಹಾಗೆ ತಿಕ್ಕಿ, ಪೆಟ್ಟಿಗೆ ಸಮೇತ ಬೀರುವಿನಲ್ಲಿಟ್ಟೆ.

ಬೆಳಗ್ಗೆ ಮೇಷ್ಟ್ರು ಓಡೋಡಿ ಬಂದರು. "ಪೆಟ್ಟಿಗೆ ಮುಟ್ಟಿಲ್ಲ ತಾನೆ? ಹಳೇ ಕಾಲದ ಗಾಜಿನ ಫೋಟೊ ಕಣೋ ಅವು, ಗಾಜಿನ ಮೇಲಿನ ಕಪ್ಪೇ ನಕ್ಷತ್ರದ ಬೆಳಕು. ಅಳತೆ ಇನ್ನೂ ಅರ್ಧ ಐತೆ."

ನನಗೆ ಕೆಲಸ ಹೋಗುತ್ತದೆಂಬ ಭಯ. "ನಿನ್ನೆ ನೀವೇ ಚೀಲಕ್ಕೆ ಹಾಕ್ಕೊಂಡ್ರಲ್ಲ ಸಾರ್" ಎಂದೆ. ಆ ಗಾಜುಗಳನ್ನು ಸಂಜೆ ಪೆಟ್ಟಿಗೆ ಸಮೇತ ಪಾಳುಬಾವಿಗೆ ಎಸೆದೆ.

ಅವರು ನಂಬಿದರು. ಊರಿಗೆ ಹೋಗುವಾಗ ಬಸ್ಸಲ್ಲೇ ಬಿಟ್ಟಿರಬೇಕೆಂದು ಹುಳಿಯಾರು ಬಸ್ಸಿನ ಕಂಡಕ್ಟರುಗಳನ್ನೆಲ್ಲ ತಿಂಗಳುಗಟ್ಟಲೆ ವಿಚಾರಿಸಿದರು. ಗೆಳೆಯನಿಗೆ ಕ್ಷಮೆ ಕೇಳಿ ಬರೆದರು, ಉತ್ತರ ಬರಲಿಲ್ಲ. ಗಾಜು ಹೋದದ್ದಕ್ಕಿಂತ ದೊಡ್ಡದು ಆಮೇಲೆ ನಡೆಯಿತು: ಅವರಿಗೆ ತಮ್ಮ ನೆನಪಿನ ಮೇಲೇ ನಂಬಿಕೆ ಹೋಯಿತು. "ಹಾಜರಿ ತಗೊಂಡ್ನಾ? ನೀನ್ ನೋಡಿದ್ಯಾ ನಂಜಪ್ಪ?" ಎಂದು ದಿನಕ್ಕೆ ಹತ್ತು ಸಲ ನನ್ನನ್ನೇ ಕೇಳುತ್ತಿದ್ದರು. ತರಗತಿಯಲ್ಲಿ ಬೋರ್ಡಿನ ಲೆಕ್ಕವನ್ನು ಅರ್ಧಕ್ಕೆ ಅಳಿಸಿ ನಿಂತುಬಿಡುತ್ತಿದ್ದರು. ಹುಡುಗರು ನಗುತ್ತಿದ್ದರು. ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ, ಮುಚ್ಚಿದೆ.

ಧೈರ್ಯ ಬಂದು ಹಟ್ಟಿಗೆ ಹೋದಾಗ ಅವರು ತೀರಿಕೊಂಡು ತಿಂಗಳಾಗಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತು, "ನೀನೇನಪ್ಪಾ ನಂಜಪ್ಪ? ತಾವು ಉಂಡಿದ್ನೂ ನಂಬ್ತಿರ್ಲಿಲ್ಲ ಕಣಪ್ಪ ಅವ್ರು. ನಂಜಪ್ಪನ್ನ ಕೇಳ್ಬೇಕು, ಅವ್ನು ಸುಳ್ಳು ಹೇಳಲ್ಲ ಅಂತಿದ್ರು" ಎಂದರು.

ನಿಂತಲ್ಲೇ ಎಲ್ಲ ಹೇಳಿದೆ.

ಆಕೆ ಒಳಗೆ ಹೋಗಿ ಗೋಡೆಯ ಮೇಲಿನ ಗಂಡನ ಫೋಟೊದ ಮುಂದೆ ನಿಂತರು.

"ಕೇಳುಸ್ತಾ? ನೀವು ಏನೂ ಮರ್ತಿರ್ಲಿಲ್ವಂತೆ."