ಬಲೆಯಲ್ಲಿ ಮೇಲೇರಿದವರ ಭಯ

ಹೆಂಡತಿ ತೀರಿಕೊಂಡ ಮರುವರ್ಷ ಮಗಳು ನನ್ನನ್ನು ಅಮೆರಿಕದ ನಾರ್ತ್‌ವಿಲ್‌ನ ಮನೆಯಿಂದ ಹೊರಡಿಸಿ ಗ್ರೀಸಿಗೆ ಕರೆದೊಯ್ದಳು. ಅಲ್ಲಿ ಒಂದು ದಿನ ಗೈಡ್ ಜೊತೆ, ಕಡಿದಾದ ಬಂಡೆಗಳ ನೆತ್ತಿಯ ಮೇಲಿರುವ ಹಳೆಯ ಆರ್ಥೊಡಾಕ್ಸ್ ಕ್ರೈಸ್ತ ಮಠಗಳನ್ನು ನೋಡಲು ಹೋದೆವು. ಬಂಡೆಯಲ್ಲಿ ಮೆಟ್ಟಿಲು ಕೆತ್ತುವ ಮೊದಲು ಸನ್ಯಾಸಿಗಳನ್ನು ಬಲೆಯಲ್ಲಿ ಕೂರಿಸಿ ಹಗ್ಗದಿಂದ ಮೇಲಕ್ಕೆ ಎಳೆಯುತ್ತಿದ್ದರಂತೆ. ದೇವರ ಮೇಲಿನ ನಂಬಿಕೆಯಿಂದ ಅವರಿಗೆ ಭಯವೇ ಆಗುತ್ತಿರಲಿಲ್ಲವೆಂದು ಗೈಡ್ ಹೇಳಿದಳು.

ಕೇಳಿದ್ದನ್ನು ಒರೆಗೆ ಹಚ್ಚದೆ ಒಪ್ಪುವ ಅಭ್ಯಾಸ ನನಗಿಲ್ಲ. ಹಾಗೆಂದವರು ಬಲೆಯೊಳಗಿದ್ದವರೋ, ಮೇಲೆ ನಿಂತು ಹಗ್ಗ ಎಳೆದವರೋ ಎಂದು ಕೇಳಿದೆ. ಆಕೆ ನಕ್ಕು ಮುಂದೆ ನಡೆದಳು.

"ಅಪ್ಪಾ, ಇಲ್ಲೂ ಶುರು ಮಾಡಿದ್ರಾ? ಪಾಪ, ಅವಳ ಟೂರ್ ಅವಳು ಮಾಡ್ಲಿ ಬಿಡಿ" ಎಂದು ಮಗಳು ರೇಗಿಸಿದಳು. ಆಮೇಲೆ ನನ್ನ ಪ್ರಶ್ನೆ ಅವಳಿಗೂ ತಾಗಿರಬೇಕು, ಬಂಡೆಯಂಚಿನತ್ತ ನಡೆದಳು.

ಹಿಂದಿನ ಚಳಿಗಾಲದಲ್ಲಿ ಕೆಲಸದ ಮೇಲೆ ಅರೋರಾ ಊರಿಗೆ ಹೋಗಿದ್ದ ನಾನು ಅಲ್ಲಿಂದ ಹಿಮದ ದಾರಿಯಲ್ಲಿ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಯವರೆಗೂ ಹಾಸಿಗೆಯ ಪಕ್ಕದಲ್ಲಿದ್ದವಳು ಮಗಳೊಬ್ಬಳೇ. "ಅಮ್ಮಂಗೆ ನೋವೇ ಆಗ್ಲಿಲ್ಲಪ್ಪ, ನಿದ್ದೇಲೇ ಹೋಗ್ಬಿಟ್ಲು" ಎಂದಿದ್ದಳು.

ಈಗ ಅವಳು ಬಂಡೆಯಂಚಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಕೆಳಗಿನ ಕಣಿವೆಯನ್ನು ನೋಡುತ್ತಿದ್ದಳು. ಅಮ್ಮನ ಕೊನೆಯ ಗಳಿಗೆ ನಿಜಕ್ಕೂ ಹೇಗಿತ್ತೆಂದು ನಾನು ಕೇಳಿದ್ದರೆ ಹೇಳಿಬಿಡುತ್ತಿದ್ದಳು.

"ಗೈಡ್ ಹೇಳಿದ್ದು ನಿಜಾನೇ ಇರ್ಬೋದಮ್ಮ" ಎಂದೆ.