ನಡೆಯುವವರಿಗೆ ಎಡಬದಿ

ಮಿಲ್ಪಿಟಾಸ್‌ನ ನಮ್ಮ ಕಂಪನಿಯ ಶೇರು ಇಳಿಯತೊಡಗಿದ ಚಳಿಗಾಲದಲ್ಲಿ ನನ್ನ ಶನಿವಾರಗಳು ಬೆಟ್ಟದ ಮೇಲೆ ಕಳೆಯುತ್ತಿದ್ದವು. ಅದರ ಹಿಂದಿನ ವರ್ಷ ಶನಿವಾರ, ಭಾನುವಾರ ಎನ್ನದೆ ಆಫೀಸಿನಲ್ಲಿ ಕೂತಿದ್ದೆವು. ಈಗ ಟೆಸ್ಟ್ ಮಾಡಲು ಹೊಸ ಸರ್ಕ್ಯೂಟ್ ಬೋರ್ಡುಗಳೇ ಬರುತ್ತಿರಲಿಲ್ಲ. ಬೆಳಿಗ್ಗೆ ಬೇಗ ಫ್ರೀವೇ ಹಿಡಿದರೆ ನಾಲ್ಕು ಗಂಟೆಯಲ್ಲಿ ಸಿಯೆರಾ ಬೆಟ್ಟದ ಹಿಮ ಸಿಗುತ್ತಿತ್ತು.

ನಾನು ಕಲಿತದ್ದು ಇಳಿಜಾರಿನಲ್ಲಿ ರಭಸದಿಂದ ಜಾರುವ ಸ್ಕೀ ಅಲ್ಲ. ತೆಳುವಾದ ಉದ್ದ ಪಟ್ಟಿಗಳನ್ನು ಬೂಟಿಗೆ ಸಿಕ್ಕಿಸಿಕೊಂಡು, ಎರಡು ಕೋಲು ಊರುತ್ತ ಕಾಡಿನ ದಾರಿಯಲ್ಲಿ ಮೈಲುಗಟ್ಟಲೆ ಹೋಗುವ ಸ್ಕೀ. ನಾವು ಹೋಗುತ್ತಿದ್ದದ್ದು ಮರ ಸಾಗಿಸುತ್ತಿದ್ದ ಹಳೆಯ ರಸ್ತೆಯೊಂದಕ್ಕೆ. ವಾರಕ್ಕೊಮ್ಮೆ ಒಂದು ಯಂತ್ರ ಬಂದು ಅಲ್ಲಿನ ಹಿಮವನ್ನು ಗಟ್ಟಿಯಾಗಿ ಒತ್ತಿ, ಬಲಬದಿಯಲ್ಲಿ ಸ್ಕೀ ಪಟ್ಟಿಗಳು ಕೂತು ಸಾಗಲೆಂದು ಜೋಡಿ ಗೀರು ಎಳೆದು ಹೋಗುತ್ತಿತ್ತು. ಎಡಬದಿ ನಡೆಯುವವರದು. ಹಾಗೆಂದು ಬೋರ್ಡೂ ಇತ್ತು. ಬೋರ್ಡನ್ನು ಯಾರೂ ಓದುತ್ತಿರಲಿಲ್ಲವಾದ್ದರಿಂದ, ದಾರಿ ನೋಡಿಕೊಳ್ಳುವ ಸಣ್ಣ ಗುಂಪಿನವರು ಶನಿವಾರ ಒಬ್ಬರನ್ನು ಕಿತ್ತಳೆ ಬಣ್ಣದ ಮೇಲಂಗಿ ಹಾಕಿ ಪಾರ್ಕಿಂಗ್ ಬಳಿ ನಿಲ್ಲಿಸುತ್ತಿದ್ದರು. ಆ ಚಳಿಗಾಲ ಎರಡು ವಾರಕ್ಕೊಮ್ಮೆ ನಿಲ್ಲುವ ಸರದಿ ನನ್ನದಾಗಿತ್ತು.

ಕೆಲಸ ಸುಲಭದ್ದಲ್ಲ. "ದಯವಿಟ್ಟು ಎಡಗಡೆ ನಡೆಯಿರಿ, ಗೀರಿನ ಮೇಲೆ ಕಾಲಿಟ್ಟರೆ ಕುಳಿ ಬೀಳುತ್ತದೆ, ಸ್ಕೀ ಮಾಡುವವರು ಮುಗ್ಗರಿಸುತ್ತಾರೆ" ಎಂದು ಬಂದವರಿಗೆಲ್ಲ ಹೇಳಬೇಕು. ಕೆಲವರು ತಲೆಯಾಡಿಸಿ ಹತ್ತು ಹೆಜ್ಜೆ ಎಡಕ್ಕೆ ನಡೆದು ಮತ್ತೆ ಬಲಕ್ಕೆ ಬರುತ್ತಿದ್ದರು. ಒಬ್ಬಾತ, "ಈ ಕಾಡು ನಿಮ್ಮ ಅಪ್ಪನದೇ?" ಎನ್ನುವ ಅರ್ಥ ಬರುವ ಹಾಗೆ ಏನೋ ಅಂದು ತನ್ನ ನಾಯಿಯನ್ನೂ ಗೀರಿನ ಮೇಲೇ ಓಡಿಸಿದ. ಸ್ಕೀ ಮಾಡುವವರು ಬಂದು ನನ್ನನ್ನೇ ಬೈದು ಹೋಗುತ್ತಿದ್ದರು.

ಫೆಬ್ರವರಿಯ ಒಂದು ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು. ಹಿಮ ಮೆತ್ತಗಾಗಿತ್ತು. ವ್ಯಾನೊಂದರಿಂದ ಗಂಡ, ಹೆಂಡತಿ, ಹತ್ತು ವರ್ಷದ ಮಗಳು ಇಳಿದರು. "ಗ್ಲೌಸು ಎಲ್ಲಿಟ್ಟಿದ್ಯೇ, ವ್ಯಾನಲ್ಲೇ ಬಿಟ್ಯಾ?" ಎಂಬ ಮಾತು ಕಿವಿಗೆ ಬಿತ್ತು. ಆ ಬೆಟ್ಟದ ಮೇಲೆ ಕನ್ನಡ! ನಾನು ಬೆಳಿಗ್ಗೆಯಿಂದ ಬೈಗುಳ ತಿಂದವಳು, ಓಡಿಹೋಗಿ ಮಾತನಾಡಿಸಿದೆ. ಅವರು ನಮ್ಮ ಆಫೀಸಿನ ಹತ್ತಿರದ ಬೆರ್ರಿಯೆಸಾದವರು, ಮೂಲ ಮೈಸೂರು. ಆಕೆ ನನ್ನ ಕೈ ಹಿಡಿದು, "ಇಲ್ಲೇನ್ರೀ ಮಾಡ್ತಿದ್ದೀರಾ, ಈ ಚಳೀಲಿ?" ಎಂದರು. ಫೋನ್ ನಂಬರು ಬರೆದುಕೊಂಡೆವು. ಮಾತಿನ ಸಂಭ್ರಮದಲ್ಲಿ ನಾನು ಹೇಳಬೇಕಾದ ಒಂದೇ ಮಾತನ್ನು ಹೇಳಲಿಲ್ಲ. ಅವರು ಮೂವರೂ ಕೈ ಕೈ ಹಿಡಿದು ಗೀರಿನ ಮೇಲೇ ನಡೆದು ಹೋಗುವುದನ್ನು ನೋಡಿದೆ. ಕೂಗಿ ಹೇಳಲು ಸಂಕೋಚವಾಯಿತು. ಈಗಷ್ಟೇ ನಕ್ಕು ಕಳಿಸಿದವರು. ಇವತ್ತೊಂದು ದಿನ ಇರಲಿ ಅಂದುಕೊಂಡೆ.

ಅವರು ಹೋಗಿ ಒಂದು ಗಂಟೆಯಾದ ಮೇಲೆ ನಮ್ಮ ಗುಂಪಿನದೇ ಒಬ್ಬ ಹಿರಿಯ ಹೆಂಗಸು, ನಿವೃತ್ತ ಶಾಲಾ ಶಿಕ್ಷಕಿ, ತಿರುವಿನ ಇಳಿಜಾರಿನಲ್ಲಿ ಗೀರಿನ ಮೇಲೆ ಬಿದ್ದಿದ್ದ ಹೆಜ್ಜೆಯ ಕುಳಿಯೊಂದಕ್ಕೆ ಸ್ಕೀ ಸಿಕ್ಕಿ ಬಿದ್ದರು. ಮಣಿಕಟ್ಟು ಮುರಿದಿತ್ತು. ಇಬ್ಬರು ಅವರನ್ನು ನಡೆಸಿಕೊಂಡು ಬಂದಾಗ ಮುಖ ಬಿಳುಚಿತ್ತು, ಆದರೆ ಅಳುತ್ತಿರಲಿಲ್ಲ.

ಮರುವಾರ ಗುಂಪಿನ ಮೀಟಿಂಗು. ನಡೆಯುವವರನ್ನು ಚಳಿಗಾಲವಿಡೀ ಬಿಡಲೇಬಾರದು ಎಂದು ಒಬ್ಬರ ಮೇಲೊಬ್ಬರು ಹೇಳಿದರು. ಕೈಗೆ ಪ್ಲಾಸ್ಟರ್ ಹಾಕಿಕೊಂಡ ಶಿಕ್ಷಕಿ ಮೂಲೆಯಲ್ಲಿ ಕೂತಿದ್ದರು. ನಾನು ಎದ್ದು ನಿಂತೆ. "ಅವತ್ತು ಗೀರಿನ ಮೇಲೆ ನಡೆದವರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ" ಎಂದೆ. ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಿದೆ. ಶಿಕ್ಷಕಿ ನನ್ನ ಕಡೆ ತಿರುಗಿ, "ನೀನು ಹೇಳಬೇಕಿತ್ತು. ಅಲ್ಲಿ ನಿಂತದ್ದೇ ಅದಕ್ಕೆ" ಎಂದರು. ಪರವಾಗಿಲ್ಲ ಎನ್ನಲಿಲ್ಲ. ಆದರೆ ನಿಷೇಧದ ಮಾತಿಗೆ, "ಇನ್ನೊಂದು ತಿಂಗಳು ನೋಡೋಣ" ಎಂದವರೂ ಅವರೇ.

ನನ್ನ ಅಪ್ಪ ಆಗ ಗದಗದಿಂದ ಬಂದು ನನ್ನ ಅಪಾರ್ಟ್‌ಮೆಂಟಿನಲ್ಲಿದ್ದರು. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಕೆಲಸದ ಮೇಲ್ವಿಚಾರಣೆ ಮಾಡಿ ನಿವೃತ್ತರಾದವರು. ನಡೆದದ್ದನ್ನು ಕೇಳಿ, "ಆ ಜಾಗಾ ಒಮ್ಮಿ ನೋಡೂಣು ನಡಿ" ಎಂದರು. ಮಂಕಿ ಟೋಪಿ, ಮಫ್ಲರು, ಸಾಕ್ಸಿನ ಮೇಲೆ ಗ್ರೋಸರಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರ ಮೇಲೆ ನನ್ನ ಗೆಳೆಯನೊಬ್ಬನ ಬೂಟು. ಒಂದು ತಾಸು ಪಾರ್ಕಿಂಗಿನಲ್ಲಿ ನಿಂತು ಬರುವವರ ಕಾಲುಗಳನ್ನೇ ನೋಡಿದರು.

"ಇಲ್ಲೆ ನೋಡು," ಎಂದು ಹಿಮದ ಗೋಡೆಯನ್ನು ತೋರಿಸಿದರು. ಪಾರ್ಕಿಂಗಿನ ಹಿಮ ತೆಗೆಯುವ ಗಾಡಿ ಅದನ್ನು ಅಂಚಿಗೆ ಎತ್ತರಕ್ಕೆ ಒಟ್ಟಿ, ಒಳಹೋಗಲು ಬಲಗಡೆ ಒಂದು ಸಂದು ಬಿಟ್ಟಿತ್ತು. "ಬಾಗಲಾ ಬಲಕ್ಕ ಇಟ್ಟು ಎಡಕ್ಕ ಹೋಗ್ರಿ ಅಂದ್ರ ಯಾರ ಹೋಗ್ತಾರ? ಒಳಗ ಕಾಲಿಟ್ಟ ಕೂಡ್ಲೆ ಗೀರ ಐತಿ. ಅದನ್ನ ತುಳೀದ ದಾಟೂದರ ಹೆಂಗ?"

"ಮತ್ತ ಏನ ಮಾಡೂದಪ್ಪಾ?"

"ಎಡಕ್ಕೊಂದು ಬಾಗಲಾ ಕಡೀರಿ. ಅಲ್ಲಿಂದ ಗಿಡದ ಹಿಂದ ಹಾಯಿಸಿ ತಿರುವು ದಾಟೂತನಾ ಬ್ಯಾರೆ ಕಾಲದಾರಿ ಮಾಡ್ರಿ. ಜನ ಕಾಲಿಗೆ ಹಗುರ ಇದ್ದಲ್ಲೇ ಹೋಗ್ತಾರ."

ನಾಲ್ಕು ವರ್ಷದಿಂದ ಬಿಡುವಾದಾಗಲೆಲ್ಲ ಅಲ್ಲಿ ಸ್ಕೀ ಮಾಡುತ್ತಿದ್ದೆ. ಆ ಸಂದು ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ.

ಗುಂಪಿನವರು ಒಪ್ಪಿದರು. ಆಳವಾದ ಹಿಮದಲ್ಲಿ ಕಾಲದಾರಿ ಆಗಬೇಕಾದರೆ ಅದನ್ನು ಯಾರಾದರೂ ತುಳಿದು ಗಟ್ಟಿ ಮಾಡಬೇಕು. ನಾನು ಬೆರ್ರಿಯೆಸಾದ ಆ ಮನೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅಯ್ಯೋ, ನಮ್ಮಿಂದಾನಾ?" ಆಕೆಯ ದನಿ ಇಳಿಯಿತು. "ನೀವ್ಯಾಕ್ರೀ ಅವತ್ತೇ ಹೇಳ್ಲಿಲ್ಲ?"

"ತಪ್ಪು ನಂದೇ."

ಮುಂದಿನ ಶನಿವಾರ ಅವರು ಇನ್ನೆರಡು ಮನೆಯವರನ್ನೂ ಕರೆದುಕೊಂಡು ಬಂದರು. ಸಲಿಕೆಯಲ್ಲಿ ಗೋಡೆ ಕಡಿದೆವು. ಅಪ್ಪ ಬಟ್ಟೆ ಒಣಹಾಕುವ ಹಗ್ಗ ಎಳೆದು, ಬಿದಿರು ಕೋಲು ನೆಟ್ಟು ಗುರುತು ಹಾಕಿದರು. ಅದರ ನಡುವೆ ನಾವು ಒಬ್ಬರ ಹಿಂದೊಬ್ಬರು ಮೊಣಕಾಲುದ್ದ ಹಿಮ ತುಳಿಯುತ್ತ ಹೋದೆವು, ಬಂದೆವು, ಮತ್ತೆ ಹೋದೆವು. ಮೈಸೂರಿನವರ ಮಗಳಿಗೆ ಅಪ್ಪ, "ಸಣ್ಣ ಸಣ್ಣ ಹೆಜ್ಜಿ ಇಡವಾ" ಎಂದರೆ ಅವಳು "ಓಕೆ, ಅಂಕಲ್" ಎಂದು ಹಾಗೇ ಇಡುತ್ತಿದ್ದಳು. ಮಧ್ಯಾಹ್ನ ವ್ಯಾನಿನ ಹಿಂಬಾಗಿಲು ತೆರೆದು ಚಿತ್ರಾನ್ನ, ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ತಿಂದೆವು.

ಜಗಳ ಪೂರ್ತಿ ನಿಂತಿತು ಎನ್ನಲಾರೆ. ನಾಯಿಯವನು ಕೊನೆಯವರೆಗೂ ಗೀರಿನ ಮೇಲೇ ನಡೆದ. ಉಳಿದವರಲ್ಲಿ ಹೆಚ್ಚಿನವರು ಹೊಸ ಬಾಗಿಲಲ್ಲಿ ತಾವಾಗಿಯೇ ಹೋದರು. ನಾನು ಬಾಯಿ ತೆರೆಯುವ ಸಂದರ್ಭವೇ ಅಪರೂಪವಾಯಿತು. ನಿಷೇಧದ ಮಾತು ಮತ್ತೆ ಬರಲಿಲ್ಲ.

ಆ ದಾರಿಯನ್ನು ಹೆಚ್ಚು ಬಳಸಿದವರು ಶಿಕ್ಷಕಿ. ಪ್ಲಾಸ್ಟರ್ ಕೈಯಲ್ಲಿ ಸ್ಕೀ ಆಗದು, ಮನೆಯಲ್ಲಿ ಕೂರಲೂ ಆಗದು. ಅಪ್ಪನೂ ಅವರೂ ಜೊತೆಯಾಗಿ ನಡೆಯುತ್ತಿದ್ದರು. ಅಪ್ಪನ ಇಂಗ್ಲಿಷು ಇಲಾಖೆಯ ಕಾಗದಗಳಲ್ಲಿ ಇರುವಷ್ಟೇ. ಒಮ್ಮೆ ಆಕೆ, ದಾರಿ ಇಲ್ಲಿ ಯಾಕೆ ಸುತ್ತಿ ಹೋಗುತ್ತದೆ ಎಂದು ನನ್ನ ಮೂಲಕ ಕೇಳಿದರು.

"ನೆಟ್ಟಗ ಹತ್ತಿಸಿದ್ರ ವಯಸ್ಸಾದವರಿಗೆ ದಮ್ಮ ಹತ್ತತೈತಿ, ಹೇಳು," ಎಂದರು ಅಪ್ಪ.

ಹೇಳಿದೆ. ಆಕೆ ನಿಂತು, "ಅವರ ವಯಸ್ಸೆಷ್ಟು ಕೇಳು" ಎಂದರು. ಅಪ್ಪನಿಗಿಂತ ಆಕೆ ನಾಲ್ಕು ವರ್ಷ ದೊಡ್ಡವರು. ಆಕೆ ಜೋರಾಗಿ ನಕ್ಕರು. ಬಿದ್ದ ದಿನದಿಂದ ನನ್ನ ಎದುರು ಅವರು ನಕ್ಕದ್ದು ಅದೇ ಮೊದಲು. ಆಮೇಲೆ ಏರಿನಲ್ಲಿ ಇಬ್ಬರೂ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದರು.